ಈ ಪದವನ್ನು ಮನುಷ್ಯರಿಗೆ ಬಳಸುವುದಿಲ್ಲ

ಡಂಡೀ ಊರು, ಏರುಬೀದಿಯ ಶಾಲೆ, ನಾಲ್ಕನೆಯ ತರಗತಿ.
ಕಿಟಕಿಯಾಚೆ ಟೇ ನದಿ, ನದಿಯ ಮೇಲೆ ಮಂಜು,
ಮಂಜಿನೊಳಗೆ ಎಲ್ಲೋ ಸೇತುವೆ ಇದೆಯೆಂಬ ನಂಬಿಕೆ.
ಕರಿಹಲಗೆಯ ಮೇಲೆ ಬರೆದೆ:
ರಿಕೆಟಿ. ಗುಣವಾಚಕ.
ಒಂದು, ನೆಟ್ಟಗೆ ನಿಲ್ಲದ.
ಎರಡು, ಮುಟ್ಟಿದರೆ ಅಲುಗುವ.
ಮೂರು, ಭಾರ ಬಿದ್ದರೆ ಕುಸಿಯುವ.
ಸ್ವಂತ ವಾಕ್ಯದಲ್ಲಿ ಬಳಸಿ.

ಆಗ ನನಗೆ ಇಪ್ಪತ್ತಮೂರು.
ಅರ್ಥಗಳೆಲ್ಲ ಸೀಮೆಸುಣ್ಣದ ಡಬ್ಬಿಯೊಳಗೇ ಇದ್ದವು,
ಮುಚ್ಚಳ ನನ್ನ ಕೈಯಲ್ಲಿತ್ತು.

ಗ್ರೆಗರ್ ಬರೆದ: ನಮ್ಮ ಏಣಿ ರಿಕೆಟಿ,
ಅಪ್ಪ ಹತ್ತುತ್ತಾನೆ, ಅಮ್ಮ ಬುಡ ಹಿಡಿದು ಬೈಯುತ್ತಾಳೆ.
ಇನ್ನೊಬ್ಬಳದು ಪಾರಿವಾಳದ ಗೂಡು.
ಮತ್ತೊಬ್ಬ, ಅಪ್ಪನ ಪತ್ರಿಕೆ ಕದ್ದೋದುವವನು,
ಈ ಸರ್ಕಾರ ರಿಕೆಟಿ ಎಂದ.
ನಕ್ಕು, ಸರಿ ಹಾಕಿದೆ.

ಮೋಯ್ರಾ ಪೆಟ್ರಿಯ ಪುಟದಲ್ಲಿ ಎರಡೇ ಪದ:
ನಮ್ಮಜ್ಜಿ ರಿಕೆಟಿ.

ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ.
ಪಕ್ಕದಲ್ಲಿ, ದುಂಡನೆಯ ಅಕ್ಷರದಲ್ಲಿ:
ಈ ಪದವನ್ನು ಮನುಷ್ಯರಿಗೆ ಬಳಸುವುದಿಲ್ಲ.
ಹುಡುಗಿ ಓದಿದಳು. ವಾದಿಸಲಿಲ್ಲ.
ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು,
ಯಾರಿಗೋ ತೋರಿಸಬೇಕು ಎಂಬಂತೆ.

ಮರುದಿನ ಮೆಟ್ಟಿಲ ಮೇಲೆ ಸದ್ದು.
ಟಪ್, ಆಮೇಲೆ ಒಂದು ಉಸಿರು, ಆಮೇಲೆ ಟಪ್.
ಆಳು ಕಾಣುವ ಮುನ್ನ ನಡಿಗೆ ಕೇಳಿಸಿತು.
ಬಂದವಳು ಫೀಮಿ ಪೆಟ್ರಿ, ಮೊಣಕಾಲು ಎರಡೂ ಹೊರಕ್ಕೆ ಬಾಗಿ
ಮುಷ್ಟಿಯಿಲ್ಲದ ಇಕ್ಕಳದ ಹಾಗೆ.
ನನ್ನ ಕಣ್ಣು ಜಾರಿದ್ದನ್ನು ಕಂಡು ತಾನೇ ಅಂದಳು:
"ಓಣಿಯಲ್ಲಿ ಹಂದಿ ಓಡಿ ಬಂದರೆ
ನಾನು ಅಡ್ಡ ನಿಂತೂ ಪ್ರಯೋಜನವಿಲ್ಲ, ಮಿಸ್."

ಕುರ್ಚಿ ಕೊಟ್ಟೆ. ಕುಳಿತಳು. ಅದು ಕಿರ್ರೆಂದಿತು.
"ಇದೂ ನಮ್ಮ ಪೈಕಿಯೇ," ಎಂದು ಅದರ ಕೈ ತಟ್ಟಿದಳು.

ಕೋಟಿನ ಒಳಜೇಬಿನಿಂದ ಒಂದು ಚೀಟಿ,
ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗುವಂತಿದ್ದದ್ದು.
ಧರ್ಮಾಸ್ಪತ್ರೆಯ ಮೊಹರು. ಮಾಸಿದ ಶಾಯಿ.
ಹೆಸರು: ಯೂಫೀಮಿಯಾ. ವಯಸ್ಸು: ಮೂರು.
ಸ್ಥಿತಿ: ರಿಕೆಟಿ.

"ಬಿಸಿಲು ಮೇಲಂತಸ್ತಿನವರ ಪಾಲಿಗೆ ಬರುತ್ತಿತ್ತು, ಮಿಸ್.
ನಮ್ಮದು ನೆಲಮಾಳಿಗೆ.
ಕಿಟಕಿಯಿಂದ ಕಾಣುತ್ತಿದ್ದದ್ದು ಬೇರೆಯವರ ಬೂಟು.
ಹೊಗೆ ತಿಂದು ಬೆಳೆದ ಮೂಳೆ, ಹಸಿ ಕಡ್ಡಿಯ ಹಾಗೆ
ಬಾಗಿದ ಕಡೆಗೇ ಗಟ್ಟಿಯಾಯಿತು.
ರಿಕೆಟ್ಸ್ ಅಂದರು ಕಾಯಿಲೆಗೆ, ರಿಕೆಟಿ ಅಂದರು ನನಗೆ.
ಏಣಿಗೆ, ಗೂಡಿಗೆ, ಸರ್ಕಾರಕ್ಕೆ
ನಮ್ಮಿಂದ ಎರವಲು ಹೋದದ್ದು."

ನಾನು ಕೆಂಪು ಪೆನ್ನಿನ ಮುಚ್ಚಳವನ್ನು
ತೆಗೆಯುತ್ತಿದ್ದೆ, ಹಾಕುತ್ತಿದ್ದೆ.

ಅವಳ ಕಣ್ಣು ಹಲಗೆಯ ಮೇಲೆ. ತುಟಿ ಅಲ್ಲಾಡಿಸುತ್ತ ಓದಿದಳು.
"ಒಂದು ಸರಿ. ಎರಡೂ ಸರಿ.
ಮೂರನೆಯದನ್ನು ಯಾರು ಹೇಳಿದರು?
ಈ ಕಾಲ ಮೇಲೆ ಗಿರಣಿಯಲ್ಲಿ ನಲವತ್ತೊಂದು ವರ್ಷ ನಿಂತಿದ್ದೇನೆ.
ಬಂಗಾಳದಿಂದ ಬಂದ ಸೆಣಬೆಲ್ಲ ಈ ಕೈ ಹಾದು
ಗೋಣಿಚೀಲವಾಗಿ ಹೋಯಿತು.
ಐದು ಬಸಿರು. ಬಾವಿಯಷ್ಟು ಕುಡಿಯುವ ಗಂಡನನ್ನು
ಶನಿವಾರ ಶನಿವಾರ ಹೆಗಲ ಮೇಲೆ ಹೇರಿಕೊಂಡು
ಇದೇ ಏರು ಹತ್ತಿದ್ದೇನೆ.
ಅಲುಗಿದ್ದೇನೆ, ಹೌದು. ಅದನ್ನು ಬರೆಯಿರಿ.
ಮೂರನೆಯದನ್ನು ಒರೆಸಿ."

ಒರೆಸಿದೆ.
ಪುಡಿ ನನ್ನ ತೋಳಿನ ಮೇಲೆ ಬಿತ್ತು, ಕೊಡವಲಿಲ್ಲ.
ಮೋಯ್ರಾಳ ಪುಟದ ಗೆರೆ ಅಳಿಯಲಿಲ್ಲ, ಕೆಂಪು ಶಾಯಿ ಅಳಿಯುವುದಿಲ್ಲ.
ಗೆರೆಯ ಕೆಳಗೆ, ಅದೇ ಶಾಯಿಯಲ್ಲಿ,
ಸಣ್ಣದಾಗಿ ಬರೆದೆ: ಸರಿ.

ಇಳಿಯುವಾಗ ನಾನು ಕೈ ಚಾಚಿದೆ.
"ಬೇಡ, ನಿಮ್ಮ ಲಯ ಬೇರೆ," ಎಂದು
ಒಬ್ಬಳೇ ಇಳಿದಳು. ಟಪ್. ಉಸಿರು. ಟಪ್.

ಮುಂದಿನ ವರ್ಷ ಅದೇ ಪಾಠ, ಅದೇ ಮಂಜು,
ಹಲಗೆಯ ಮೇಲೆ ಎರಡೇ ಅರ್ಥ.
ಹಿಂದಿನ ಬೆಂಚಿನಿಂದ ಒಂದು ಕೈ ಎದ್ದಿತು:
"ಹಾಗಾದರೆ ಅದು ಬೀಳುತ್ತದೋ ಇಲ್ಲವೋ, ಮಿಸ್?"

ಕಿಟಕಿಯತ್ತ ನೋಡಿದೆ.
ಮಂಜಿನೊಳಗೆ ರೈಲೊಂದು
ಕಾಣದ ಸೇತುವೆಯ ಮೇಲೆ ನಿಧಾನಕ್ಕೆ ಹೋಗುತ್ತಿತ್ತು.
ಸದ್ದು ಮಾತ್ರ.